ಸಂಸ್ಥೆಗೂ ಸಾರಿನ ಪುಡಿಗೂ ಒಂದೇ ಹೆಸರು ಇರಬೇಕೇ?

ಡೊಂಬಿವಲಿಯಲ್ಲಿ ನೀವೂ ನಿಮ್ಮ ಓರಗಿತ್ತಿಯೂ ಸೇರಿ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿಗಳ ವ್ಯಾಪಾರ ಆರಂಭಿಸಲಿದ್ದೀರಿ. ಸಂಸ್ಥೆಗೆ ‘ಶ್ರೀಕೃಷ್ಣ ಉಡುಪಿ ಫುಡ್ಸ್’ ಎಂದೂ ಮುಖ್ಯ ಸರಕಾದ ಸಾರಿನ ಪುಡಿಗೆ ‘ಉಡುಪಿ ಸಾರಿನ ಪುಡಿ’ ಎಂದೂ ಹೆಸರಿಡಬಹುದೇ, ಅಥವಾ ಎರಡಕ್ಕೂ ಒಂದೇ ಹೆಸರು ಇರಬೇಕೇ ಎಂದು ಕೇಳಿದ್ದೀರಿ. ಮುಂಬಯಿಯ ಉಪನಗರಗಳಲ್ಲಿ ನಮ್ಮವರ ಸಣ್ಣ ವ್ಯಾಪಾರಗಳ ಲೆಕ್ಕಪತ್ರ ಮತ್ತು ನೋಂದಣಿಯ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದಿರುವ ನನ್ನ ಅಭಿಪ್ರಾಯದಲ್ಲಿ ಎರಡಕ್ಕೂ ಒಂದೇ ಹೆಸರು ಬೇಕಾಗಿಲ್ಲ. ಸಂಸ್ಥೆಯ ಹೆಸರು ಸಾಧಾರಣವಾಗಿದ್ದರೂ ನಡೆಯುತ್ತದೆ. ಪೊಟ್ಟಣದ ಮುಂಭಾಗದಲ್ಲಿ ದೊಡ್ಡದಾಗಿ ಅಚ್ಚಾಗುವ ಹೆಸರು ಮಾತ್ರ ಬೇರೆ ಯಾರದ್ದೂ ಆಗಿರಬಾರದು, ಮತ್ತು ನೀವು ಆರಿಸಿರುವ ‘ಶ್ರೀಕೃಷ್ಣ’, ‘ಉಡುಪಿ’ ಎಂಬ ಎರಡು ಪದಗಳೂ ಈಗಾಗಲೇ ಎಲ್ಲರವೂ ಆಗಿವೆ.

ನಿಮ್ಮ ಪೊಟ್ಟಣದ ಮೇಲೆ ನಿಜವಾಗಿ ಬೇಕಾಗುವುದು ಎರಡಲ್ಲ, ಮೂರು ಹೆಸರುಗಳು. ಮೊದಲನೆಯದು ತಯಾರಕರ ಹೆಸರು, ಅಂದರೆ ಸಂಸ್ಥೆಯದು. ಎರಡನೆಯದು ಗ್ರಾಹಕರು ಕೇಳಿ ಪಡೆಯುವ ಬ್ರ್ಯಾಂಡ್. ಮೂರನೆಯದು ಒಳಗಿರುವ ಪದಾರ್ಥ ಏನೆಂಬುದನ್ನು ನೇರವಾಗಿ ತಿಳಿಸುವ ಆಹಾರದ ಹೆಸರು. ಈ ಮೂರನೆಯದನ್ನು ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮಗಳೇ ಕಡ್ಡಾಯ ಮಾಡಿವೆ, ಅದೂ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ. ಕನ್ನಡವನ್ನು ಅದರ ಜೊತೆಗೆ ಸೇರಿಸಿಕೊಳ್ಳಬಹುದು. ‘ರಸಂ ಪೌಡರ್’ ಎಂದು ಹೇಗೂ ಅಚ್ಚಾಗಲೇಬೇಕಾಗಿರುವಾಗ, ಅದೇ ಮಾತನ್ನು ಬ್ರ್ಯಾಂಡಿನಲ್ಲಿಯೂ ತುರುಕುವುದರಿಂದ ಜಾಗ ವ್ಯರ್ಥವಾಗುವುದಲ್ಲದೆ, ನಾಳೆ ಚಟ್ನಿ ಪುಡಿಗೆ ಮತ್ತೊಂದು ಹೆಸರು ಹುಡುಕಬೇಕಾಗುತ್ತದೆ.

ಸಂಸ್ಥೆಯ ಹೆಸರು ಬ್ಯಾಂಕಿನ ಚಾಲ್ತಿ ಖಾತೆಯಲ್ಲಿ, ಜಿಎಸ್‌ಟಿ ಬಿಲ್ಲಿನಲ್ಲಿ ಮತ್ತು ಪೊಟ್ಟಣದ ಹಿಂಭಾಗದಲ್ಲಿ ಕಾಣಿಸಿಕೊಳ್ಳುತ್ತದೆಯೇ ಹೊರತು ಅಡುಗೆಮನೆಯ ಮಾತಿನಲ್ಲಿ ಕೇಳಿಬರುವುದಿಲ್ಲ. ಮೂಲ್ಕಿಯ ಕಡೆಯಿಂದ ಬಂದು 1984ರಲ್ಲಿ ಜುಹುವಿನಲ್ಲಿ ಐಸ್‌ಕ್ರೀಮ್ ಅಂಗಡಿ ತೆರೆದ ರಘುನಂದನ ಕಾಮತರ ‘ನ್ಯಾಚುರಲ್’ ಈ ನಗರದಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅದನ್ನು ತಯಾರಿಸುವ ಕಂಪನಿಯ ಹೆಸರು ‘ಕಾಮತ್ಸ್ ಅವರ್‌ಟೈಮ್ಸ್ ಐಸ್‌ಕ್ರೀಮ್ಸ್’ ಎಂಬುದು ತಿನ್ನುವವರಲ್ಲಿ ಎಷ್ಟು ಜನರಿಗೆ ತಿಳಿದಿರಬಹುದು? ಹಾಗೆ ತಿಳಿಯದಿರುವುದರಿಂದ ವ್ಯಾಪಾರಕ್ಕೆ ಏನೂ ಕುಂದಾಗಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಗುಮಾಸ್ತಾ ಲೈಸೆನ್ಸ್ (ಅಂಗಡಿ, ಸಂಸ್ಥೆಗಳ ಸ್ಥಳೀಯ ನೋಂದಣಿ), ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ, ಜಿಎಸ್‌ಟಿ ಪ್ರಮಾಣಪತ್ರ ಇವು ಯಾವುವೂ ಹೆಸರಿನ ಮೇಲೆ ನಿಮಗೆ ಹಕ್ಕು ಕೊಡುವುದಿಲ್ಲ. ಅದೇ ಹೆಸರಿನಲ್ಲಿ ಕಲ್ಯಾಣದಲ್ಲಿ ಇನ್ನೊಬ್ಬರು ಇವೆಲ್ಲವನ್ನೂ ಪಡೆಯಬಹುದು, ಕಚೇರಿಗಳು ತಡೆಯುವುದಿಲ್ಲ. ಹೆಸರಿನ ಹಕ್ಕನ್ನು ಗಟ್ಟಿಮಾಡಿಕೊಳ್ಳಲು ಇರುವ ದಾರಿ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಅಡಿಯಲ್ಲಿ ಆಗುವ ನೋಂದಣಿ.

ಆ ಕಾಯ್ದೆಯ 9ನೇ ಕಲಮು, ಸರಕಿನ ಬಗೆ, ಗುಣ ಅಥವಾ ಅದು ಬಂದ ಊರನ್ನಷ್ಟೇ ಸೂಚಿಸುವ ಪದಗಳನ್ನು ಒಬ್ಬರ ಸ್ವತ್ತಾಗಿ ನೋಂದಾಯಿಸಲು ಒಪ್ಪುವುದಿಲ್ಲ. ದೀರ್ಘಕಾಲದ ಬಳಕೆಯಿಂದ ಆ ಪದವು ನಿಮ್ಮ ಸರಕನ್ನೇ ಸೂಚಿಸುವಷ್ಟು ಪ್ರಸಿದ್ಧವಾಗಿದ್ದರೆ ಮಾತ್ರ ವಿನಾಯಿತಿ ಇದೆ, ಹೊಸ ವ್ಯಾಪಾರಕ್ಕೆ ಅದು ಸಿಗುವಂಥದ್ದಲ್ಲ. ಮುಂಬಯಿಯಲ್ಲಿ ‘ಉಡುಪಿ’ ಎಂಬುದು ಊರಿನ ಹೆಸರೂ ಹೌದು, ಒಂದು ಬಗೆಯ ಹೋಟೆಲಿನ ಹೆಸರೂ ಹೌದು. ನಿಮ್ಮ ಪುಡಿ ಎಷ್ಟೇ ರುಚಿಯಾಗಿದ್ದರೂ ಆ ಪದದ ಕೀರ್ತಿ ಎಲ್ಲ ಉಡುಪಿ ಹೋಟೆಲುಗಳಿಗೂ ಹಂಚಿಹೋಗುತ್ತದೆ. ‘ಶ್ರೀಕೃಷ್ಣ’ನನ್ನು ಜೊತೆಗೆ ಸೇರಿಸಿದರೆ ತೊಂದರೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಮಾಟುಂಗ ಸ್ಟೇಷನ್ನಿನ ಬಳಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಊಟದ ಮನೆಯ ಹೆಸರು ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’. ನಿಮ್ಮ ಪೊಟ್ಟಣವನ್ನು ನೋಡಿದವರು ಅದು ಅಲ್ಲಿಯದೇ ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ‘ಹೆಸರು ಸಿಗದಿದ್ದರೇನು, ಚಿತ್ರಸಹಿತ ಲೇಬಲನ್ನು ನೋಂದಾಯಿಸಿಕೊಳ್ಳಿ’ ಎಂದು ನಿಮಗೆ ಯಾರಾದರೂ ಸಲಹೆ ಕೊಡಬಹುದು. ಅದು ಸಾಧ್ಯ, ಆದರೆ 17ನೇ ಕಲಮಿನ ಪ್ರಕಾರ ಹಕ್ಕು ಸಿಗುವುದು ಇಡೀ ಲೇಬಲಿಗೆ, ಅದರೊಳಗಿನ ‘ಉಡುಪಿ’ ಎಂಬ ಬಿಡಿ ಪದಕ್ಕಲ್ಲ.

ದೇವರ ಹೆಸರು, ಪುರಾಣದ ಹೆಸರುಗಳ ಮೇಲೆ ನಮ್ಮವರಿಗೆ ಇರುವ ಮೋಹವನ್ನು ನಾನು ಆಕ್ಷೇಪಿಸುವವನಲ್ಲ. ನೋಂದಣಿಯ ದೃಷ್ಟಿಯಿಂದ ಅವು ದುರ್ಬಲ ಎಂದಷ್ಟೇ ಹೇಳುತ್ತೇನೆ. ಅಗರಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ಒಬ್ಬರೇ ತಮ್ಮದೆನ್ನಲಾಗದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಮಾನಿಸಿತು. ಅದಕ್ಕಿಂತ ನಮಗೆ ಹತ್ತಿರದ ಪ್ರಕರಣ ನಂದಿನಿಯದು. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ಬಳಸುತ್ತಿದ್ದ ಆ ಹೆಸರನ್ನು ಬೆಂಗಳೂರಿನ ಹೋಟೆಲು ಸಮೂಹವೊಂದು 1989ರಿಂದ ‘ನಂದಿನಿ ಡಿಲಕ್ಸ್’ ಎಂದು ಬಳಸುತ್ತ ಬಂದಿತ್ತು. 2018ರಲ್ಲಿ ಸುಪ್ರೀಂ ಕೋರ್ಟು, ನಂದಿನಿ ಎಂಬುದು ಯಾರೂ ಹೊಸದಾಗಿ ಸೃಷ್ಟಿಸಿದ ಪದವಲ್ಲವೆಂಬುದನ್ನೂ ಎರಡೂ ಕಡೆಯ ಸರಕುಗಳು ಬೇರೆ ಬೇರೆ ಎಂಬುದನ್ನೂ ಗಮನಿಸಿ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದುದಕ್ಕೆ ಹೋಟೆಲಿನವರ ನೋಂದಣಿಯನ್ನು ಒಪ್ಪಿತು. ಅಷ್ಟು ದೊಡ್ಡ ಸಂಸ್ಥೆಗೇ ಹೆಸರಿನ ಸುತ್ತ ಬೇಲಿ ಹಾಕಲು ಆಗಲಿಲ್ಲವೆಂದರೆ ನಮ್ಮ ನಿಮ್ಮ ಪಾಡು ಊಹಿಸಿಕೊಳ್ಳಿ. ‘ಬ್ಯಾಡಗಿ’ಯ ಯೋಚನೆ ಇದ್ದರೆ ಅದನ್ನೂ ಬಿಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿಯೇ ಭೌಗೋಳಿಕ ಸೂಚಕದ, ಅಂದರೆ ಹೆಸರು ಆ ಪ್ರದೇಶದ ಬೆಳೆಗೇ ಸೇರಿದ್ದೆಂಬ ಮಾನ್ಯತೆ ದೊರೆತಿದೆ; ಬಳಸಿದ್ದು ಬ್ಯಾಡಗಿಯೇ ಆಗಿದ್ದರೆ ಸಾಮಗ್ರಿಗಳ ಪಟ್ಟಿಯಲ್ಲಿ ಹೇಳಿಕೊಳ್ಳಬಹುದು, ಬ್ರ್ಯಾಂಡಾಗಿ ಸ್ವಂತ ಮಾಡಿಕೊಳ್ಳುವಂತಿಲ್ಲ.

ಹಾಗಾದರೆ ಎಂಥ ಹೆಸರು? ಪುಡಿಗೂ ಅದಕ್ಕೂ ನೇರ ಸಂಬಂಧವಿಲ್ಲದ, ಎರಡು ಮೂರು ಅಕ್ಷರಗಳ ಪದ ಎಲ್ಲಕ್ಕಿಂತ ಒಳ್ಳೆಯದು. ಕರಾವಳಿಯವರಾದರೆ ನಿಮ್ಮ ಊರಿನ ಮನೆಗೆ, ಗದ್ದೆಗೆ, ಬಾವಿಕಟ್ಟೆಗೆ ಖಂಡಿತ ಒಂದೊಂದು ಹೆಸರು ಇರುತ್ತದೆ. ಊರಿನ ಹೆಸರು ಸಾವಿರಾರು ಜನರದ್ದು, ಮನೆಯ ಹೆಸರು ಬಹುಮಟ್ಟಿಗೆ ಆ ಮನೆಯವರದ್ದೇ. ಅಮ್ಮ, ಅಜ್ಜಿ, ಆಯಿ ಇವರನ್ನು ಮಾತ್ರ ದಯವಿಟ್ಟು ಅಂಗಡಿಗೆ ಎಳೆಯಬೇಡಿ, ಮಸಾಲೆಯ ಸಾಲಿನಲ್ಲಿ ಈಗಾಗಲೇ ಬೇಕಾದಷ್ಟು ಅಜ್ಜಿಯರಿದ್ದಾರೆ. ಆರಿಸಿದ ಪದವನ್ನು ಮರಾಠಿ ಮತ್ತು ಗುಜರಾತಿ ಮಾತಾಡುವ ನೆರೆಯವರ ಬಾಯಲ್ಲಿ ಹೇಳಿಸಿ ನೋಡಿ. ಅವರು ಒಮ್ಮೆ ಕೇಳಿ ತಪ್ಪಿಲ್ಲದೆ ಹೇಳಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲರೂ ಒಂದೇ ರೀತಿ ಬರೆಯುವಂತಿರಬೇಕು, ಇಲ್ಲವಾದರೆ ಮೊಬೈಲಿನಲ್ಲಿ ಹುಡುಕುವವರಿಗೆ ನೀವು ಸಿಗುವುದಿಲ್ಲ. ಮುಂದೆ ಅಂಗಡಿ ತೆರೆದರೆ ಮಹಾರಾಷ್ಟ್ರದ ಕಾನೂನಿಗೆ 2022ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದಲ್ಲಿ ದೇವನಾಗರಿಯ ಮರಾಠಿ ಇರಲೇಬೇಕು, ಅದರ ಅಕ್ಷರಗಳು ಬೇರೆ ಲಿಪಿಯ ಅಕ್ಷರಗಳಿಗಿಂತ ಚಿಕ್ಕದಾಗಿರಬಾರದು; ಆದ್ದರಿಂದ ಮರಾಠಿ ಬರಹದಲ್ಲಿ ಇಲ್ಲದ ನಮ್ಮ ಹ್ರಸ್ವ ಎಕಾರ, ಒಕಾರಗಳನ್ನು ಅವಲಂಬಿಸಿದ ಹೆಸರು ಫಲಕದ ಮೇಲೆ ಬೇರೆಯೇ ಆಗಿ ಓದಿಸಿಕೊಳ್ಳುತ್ತದೆ.

‘ಶುದ್ಧ’, ‘ಅಸಲಿ’, ‘ಸಾಂಪ್ರದಾಯಿಕ’, ‘ತಾಜಾ’ ಎಂಬರ್ಥದ ವಿಶೇಷಣಗಳನ್ನೂ ಹೆಸರಿನಿಂದ ದೂರವಿಡಿ. ಜಾಹೀರಾತು ಮತ್ತು ಸರಕಿನ ಬಗ್ಗೆ ಮಾಡುವ ಹೇಳಿಕೆಗಳ ಕುರಿತ 2018ರ ಆಹಾರ ನಿಯಮಗಳ ಪ್ರಕಾರ, ಇಂಥ ಪದವಿರುವ ಬ್ರ್ಯಾಂಡು ಗ್ರಾಹಕರನ್ನು ತಪ್ಪುದಾರಿಗೆ ಎಳೆಯುವಂತಿದ್ದರೆ, ಇದು ಬರಿಯ ಬ್ರ್ಯಾಂಡ್ ಹೆಸರು, ಪದಾರ್ಥದ ನಿಜವಾದ ಗುಣವನ್ನು ಸೂಚಿಸುವುದಿಲ್ಲ ಎಂಬ ಅರ್ಥದ ಸಾಲನ್ನು ಪೊಟ್ಟಣದ ಮೇಲೆಯೇ ಅಚ್ಚುಹಾಕಬೇಕು. ಹೊಗಳಿಕೊಳ್ಳಲು ಹೋಗಿ ತಾವೇ ನಿರಾಕರಿಸಿಕೊಂಡಂತೆ ಆಗುತ್ತದೆ.

ನಾಲ್ಕಾರು ಹೆಸರುಗಳು ಮನಸ್ಸಿಗೆ ಬಂದ ಮೇಲೆ, ಅಚ್ಚಿಗೆ ಕೊಡುವ ಮೊದಲು, ಟ್ರೇಡ್‌ಮಾರ್ಕ್ ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ 30ನೇ ವರ್ಗವನ್ನು ನೋಡಿ. ಮಸಾಲೆ, ಕಾಫಿ, ಹಿಟ್ಟುಗಳು ಬರುವುದು ಅಲ್ಲಿಯೇ. ಉಪ್ಪಿನಕಾಯಿಯ ಯೋಚನೆ ಇದ್ದರೆ 29ನ್ನೂ, ತಿಂಡಿಯ ಅಂಗಡಿಯ ಯೋಚನೆ ಇದ್ದರೆ 43ನ್ನೂ ನೋಡಬೇಕು. ಅಕ್ಷರಶಃ ಅದೇ ಹೆಸರು ಇಲ್ಲವೆಂದು ಸಮಾಧಾನಪಡಬೇಡಿ, ಉಚ್ಚಾರಣೆಯಲ್ಲಿ ಹತ್ತಿರವಾಗಿರುವುದನ್ನೂ ಹುಡುಕಿ. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಎರಡು ಔಷಧಗಳ ಹೆಸರುಗಳನ್ನು 1962ರಲ್ಲಿ ಪರಿಶೀಲಿಸಿದ ಸುಪ್ರೀಂ ಕೋರ್ಟು, ಅರೆಬರೆ ನೆನಪಿಟ್ಟುಕೊಂಡು ಬರುವ ಸಾಧಾರಣ ಗ್ರಾಹಕನಿಗೆ ಒಟ್ಟು ಹೆಸರು ಹೇಗೆ ಕೇಳಿಸುತ್ತದೆ ಎಂಬುದನ್ನೇ ಅಳತೆಗೋಲಾಗಿಸಿ, ಅವು ಗೊಂದಲವಾಗುವಷ್ಟು ಹತ್ತಿರವಿವೆ ಎಂದಿತು. ಆ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಸಂಖ್ಯಾಶಾಸ್ತ್ರದವರ ಮಾತಿನಂತೆ ಒಂದು ಅಕ್ಷರ ಹೆಚ್ಚಿಗೆ ಸೇರಿಸಿದರೆ ಹೆಸರು ಬೇರೆಯಾಗುತ್ತದೆ ಎಂಬ ನಂಬಿಕೆ ಈ ಕಚೇರಿಯಲ್ಲಿ ನಡೆಯುವುದಿಲ್ಲ. ಅವರನ್ನು ಕೇಳುವುದಿದ್ದರೆ ಅರ್ಜಿಗೆ ಮೊದಲೇ ಕೇಳಿಬಿಡಿ, ಏಕೆಂದರೆ ಆಮೇಲೆ ಕಾಗುಣಿತ ಬದಲಿಸುವುದು ಸುಲಭವಲ್ಲ.

ಅರ್ಜಿಯನ್ನು ಅಂತರ್ಜಾಲದಲ್ಲಿಯೇ ಸಲ್ಲಿಸಬಹುದು. 2017ರ ನಿಯಮಗಳಂತೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ, ಇತರರಿಗೆ 9,000. ಪಾಲುದಾರಿಕೆಯ ಹೆಸರಿನಲ್ಲಿ ಹಾಕುವುದಾದರೆ ರಿಯಾಯಿತಿಗಾಗಿ ಉದ್ಯಮ್ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಅದಕ್ಕೆ ಖರ್ಚಿಲ್ಲ. ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೆಸರು ಅದರ ಜರ್ನಲಿನಲ್ಲಿ ಪ್ರಕಟವಾದ ಮೇಲೆ ವಿರೋಧಿಸುವವರಿಗೆ ನಾಲ್ಕು ತಿಂಗಳ ಅವಕಾಶವಿರುತ್ತದೆ. ನೋಂದಣಿಯಾದರೆ ಹತ್ತು ವರ್ಷ ಬಾಳುತ್ತದೆ, ಬಳಿಕ ನವೀಕರಿಸುತ್ತ ಹೋಗಬಹುದು. ಅಲ್ಲಿಯವರೆಗೆ ಹೆಸರಿನ ಪಕ್ಕದಲ್ಲಿ ‘ಟಿಎಂ’ ಎಂದು ಹಾಕಿಕೊಳ್ಳಿ. ವೃತ್ತದೊಳಗಿನ ‘ಆರ್’ ಚಿಹ್ನೆಯನ್ನು ನೋಂದಣಿಗೆ ಮೊದಲು ಬಳಸುವಂತಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ನೀವಿಬ್ಬರೂ ಒಂದೇ ಮನೆಯ ಸೊಸೆಯಂದಿರು, ಇಂದು ಹೊಂದಿಕೊಂಡಿದ್ದೀರಿ, ಅದು ಹಾಗೆಯೇ ಇರಲಿ. ಆದರೂ ಅರ್ಜಿಯನ್ನು ಒಬ್ಬರ ಹೆಸರಿನಲ್ಲಿ ಹಾಕದೆ ಪಾಲುದಾರಿಕೆಯ ಹೆಸರಿನಲ್ಲಿಯೇ ಹಾಕಿ, ಮುಂದೆ ಒಬ್ಬರು ಹೊರಬಂದರೆ ಬ್ರ್ಯಾಂಡು ಯಾರಿಗೆ ಉಳಿಯಬೇಕು, ಹೊರಬಂದವರಿಗೆ ಅದರ ಬಾಬ್ತು ಏನು ಸಲ್ಲಬೇಕು ಎಂಬುದನ್ನು ಪಾಲುಪತ್ರದಲ್ಲಿ ಬರೆಸಿ. ಮಸಾಲೆಯ ಪಾಕವಿಧಾನಕ್ಕೂ ಅದೇ ಕಲಮಿನಲ್ಲಿ ಒಂದು ಸಾಲು ಸೇರಿಸಿ. ಕುಟುಂಬದ ವ್ಯಾಪಾರ ಒಡೆದಾಗ ಪಾತ್ರೆ, ಗ್ರೈಂಡರುಗಳ ಲೆಕ್ಕ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಇಬ್ಬರೂ ಅದೇ ಹೆಸರನ್ನು ಹಿಡಿದುಕೊಂಡು ಎದುರುಬದುರು ಮಾರತೊಡಗಿದರೆ ವಕೀಲರ ಬಳಿಗೆ ಹೋಗದೆ ಅದು ಬಗೆಹರಿಯುವುದು ಕಷ್ಟ.