ಫೋನು ಕೆಳಗಿಟ್ಟ ಮೇಲೆ ಖಾಲಿ ಅನ್ನಿಸುವುದೇಕೆ?

ಪ್ರಶ್ನೆ: ಬೆಳಿಗ್ಗೆ ಫೋನಿನಲ್ಲಿ ಅಡಿಕೆ ಧಾರಣೆ ನೋಡುತ್ತೇನೆ. ಸಂಜೆ ಬೆಂಗಳೂರಿನಲ್ಲಿರುವ ಮಗಳ ಜೊತೆ ವೀಡಿಯೊ ಕಾಲ್‌ನಲ್ಲಿ ಮಾತಾಡುತ್ತೇನೆ. ಎರಡೂ ಹಿತವಾಗಿಯೇ ಇರುತ್ತವೆ. ಊಟವಾದ ಮೇಲೆ ರೀಲ್ಸ್ ನೋಡುತ್ತ ಕೂತರೆ ಮಾತ್ರ ಒಂದು ತಾಸು ಹೋದದ್ದೇ ತಿಳಿಯುವುದಿಲ್ಲ. ನೋಡಿದ್ದು ಒಂದೂ ನೆನಪಿರದೆ ಮನಸ್ಸು ಖಾಲಿ ಖಾಲಿ. ಇದೇಕೆ ಹೀಗೆ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಧಾರಣೆ ನೋಡುವ ಕೆಲಸಕ್ಕೆ ಕೊನೆಯಿದೆ. ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು ಎಂದು ತಿಳಿದರೆ ಮುಗಿಯಿತು. ಮಗಳ ಜೊತೆಗಿನ ಮಾತಿನಲ್ಲೂ ‘ಸರಿ, ಇಡ್ತೀನಿ’ ಎನ್ನುವ ಗಳಿಗೆ ಬರುತ್ತದೆ. ರೀಲ್ಸ್‌ನಲ್ಲಿ ಆ ಗಳಿಗೆ ಬಾರದಂತೆಯೇ ಅದನ್ನು ಕಟ್ಟಿದ್ದಾರೆ. ಪುಟ ಮುಗಿಯದೆ ಇಳಿಯುತ್ತಲೇ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಮುಂದೆ ಅದರ ಬಗ್ಗೆ ಬಹಿರಂಗವಾಗಿ ವಿಷಾದಪಟ್ಟರು.

ಇನ್ನೊಂದು ಕಾರಣ, ಮುಂದಿನ ವೀಡಿಯೊ ಹೇಗಿರುತ್ತದೋ ಗೊತ್ತಿಲ್ಲದಿರುವುದು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದು ನಿಶ್ಚಿತವಿಲ್ಲದಾಗ ಪಾರಿವಾಳ ಬಿಡದೆ ಕುಕ್ಕುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತೋರಿಸಿದ್ದರು. ಬೆರಳು ಪರದೆಯನ್ನು ಮೇಲೆ ಸರಿಸುತ್ತಲೇ ಇರುವುದೂ ಅದೇ ಬಗೆಯದು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ನಿಮ್ಮ ಪ್ರಶ್ನೆಯನ್ನೇ ಎತ್ತಿಕೊಂಡಿದ್ದರು. ಉದ್ದೇಶವಿಟ್ಟು ಫೋನು ತೆರೆದಾಗ ಜನಕ್ಕೆ ಅದು ಸಾರ್ಥಕ ಅನ್ನಿಸಿತು. ಅಭ್ಯಾಸಬಲದಿಂದ, ಬೇಸರ ಕಳೆಯಲು ಕೈಗೆತ್ತಿಕೊಂಡಾಗ ಹಾಗೆನ್ನಿಸಿದ್ದು ಕಡಿಮೆ. ಹಾಗೆಂದು ಮನರಂಜನೆಯೇ ತಪ್ಪಲ್ಲ. ಯಕ್ಷಗಾನದ ಪ್ರಸಂಗವೊಂದನ್ನು ಮೂರು ತಾಸು ಕೂತು ನೋಡಿದರೂ ಖಾಲಿ ಅನ್ನಿಸದು. ಅದು ನೀವೇ ಆರಿಸಿಕೊಂಡದ್ದು, ಮಂಗಳ ಹಾಡಿ ಮುಗಿಯುವಂಥದ್ದು. ಗಂಟೆಯ ಲೆಕ್ಕವೊಂದನ್ನೇ ಹಿಡಿಯಬೇಡಿ ಎನ್ನುವುದು ಅದಕ್ಕೇ.

ಮೂರು ದಿನ ಒಂದು ಚೀಟಿಯಲ್ಲಿ ಎರಡೇ ಸಂಗತಿ ಬರೆಯಿರಿ: ಫೋನು ಎತ್ತಿದ್ದು ಯಾತಕ್ಕೆ, ಕೆಳಗಿಟ್ಟಾಗ ಏನು ನೋಡುತ್ತಿದ್ದಿರಿ. ಧಾರಣೆಗೆಂದು ವಾಟ್ಸ್‌ಆ್ಯಪ್ ತೆರೆದು, ಅಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ರೀಲ್ಸ್‌ಗೆ ಇಳಿಯುವ ದಾರಿ ಕಣ್ಣಿಗೆ ಬಿದ್ದರೆ, ಕಡಿಯಬೇಕಾದ್ದು ಆ ಲಿಂಕ್ ಒತ್ತುವ ಅಭ್ಯಾಸವನ್ನು. ಧಾರಣೆಯ ಗ್ರೂಪನ್ನು ಬಿಡಬೇಕಿಲ್ಲ.

ಪ್ರಶ್ನೆ: ಫೋನಿನಲ್ಲಿ ದಿನಕ್ಕೆ 30 ನಿಮಿಷದ ಮಿತಿ ಹಾಕಿದ್ದೇನೆ. ಮುಗಿದ ಕೂಡಲೇ ನಾನೇ ಹೋಗಿ ತೆಗೆದುಬಿಡುತ್ತೇನೆ. ಬೇರೆ ಉಪಾಯವಿದೆಯೇ?
– ಗೃಹಿಣಿ, ಸಾಗರ

ಉತ್ತರ: ನಿಮ್ಮ ಮನಸ್ಸು ದುರ್ಬಲ ಎಂದುಕೊಳ್ಳಬೇಡಿ. ಮಿತಿ ಎದುರಾಗುವುದು ದಣಿದ ಹೊತ್ತಿನಲ್ಲಿ, ನೋಡುವುದರಲ್ಲಿ ಮುಳುಗಿರುವಾಗ. ಅದನ್ನು ತೆಗೆಯಲು ಕೆಲವೇ ಸೆಕೆಂಡು ಸಾಕು. ತಡೆ ಇರಬೇಕಾದ್ದು ಶುರುವಿನಲ್ಲಿ.

ಇನ್‌ಸ್ಟಾಗ್ರಾಂ ಆ್ಯಪ್ ತೆಗೆದುಹಾಕಿ, ಬೇಕೆನಿಸಿದಾಗ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ನೋಡಿ, ಮುಗಿದೊಡನೆ ಲಾಗ್ ಔಟ್ ಆಗಿ. ಪಾಸ್‌ವರ್ಡ್ ಉಳಿಸಿಕೊಳ್ಳಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ, ಇಲ್ಲದಿದ್ದರೆ ತಡೆ ಹಾಕಿ ಪ್ರಯೋಜನವಿಲ್ಲ. ಯೂಟ್ಯೂಬ್ ಸೆಟ್ಟಿಂಗ್ಸ್‌ನ ಮ್ಯಾನೇಜ್ ಆಲ್ ಹಿಸ್ಟರಿಯಲ್ಲಿ ಹಳೆಯ ವಾಚ್ ಹಿಸ್ಟರಿ ಅಳಿಸಿ, ಮುಂದಕ್ಕೂ ಆಫ್ ಮಾಡಿ. ಆಗ ಮುಖಪುಟದಲ್ಲಿ ಸಲಹೆಗಳು ಬರುವುದಿಲ್ಲ, ಬೇಕಾದ್ದನ್ನು ಹೆಸರು ಹಾಕಿ ಹುಡುಕಬೇಕಾಗುತ್ತದೆ. ಅಳಿಸುವ ಮುಂಚೆ ಇಷ್ಟದ ಅಡುಗೆ, ಕಸೂತಿ ವೀಡಿಯೊಗಳನ್ನು ಪ್ಲೇಲಿಸ್ಟ್‌ಗೆ ಸೇರಿಸಿಟ್ಟುಕೊಳ್ಳಿ. ಆಮೇಲೆ ಹಿಸ್ಟರಿಯಲ್ಲಿ ಸಿಗುವುದಿಲ್ಲ.

ಮದುವೆ, ಹಳೆ ಸಹಪಾಠಿಗಳ ವಾಟ್ಸ್‌ಆ್ಯಪ್ ಗ್ರೂಪುಗಳನ್ನು ಮ್ಯೂಟ್ ಮಾಡುವಾಗ ‘ಯಾವಾಗಲೂ’ ಎಂದೇ ಆರಿಸಿ. ಮಕ್ಕಳ ಶಾಲೆಯ ಗ್ರೂಪನ್ನು ಮಾತ್ರ ಮುಟ್ಟಬೇಡಿ. ಆಷಾಢದ ಮಳೆಯಲ್ಲಿ ಬೆಳಿಗ್ಗೆ ರಜೆ ಘೋಷಣೆಯಾದರೆ ತಿಳಿಯುವುದು ಅಲ್ಲೇ.

ರಾತ್ರಿಗೇನು? ಈ ಮೇಲಿನ ಎಲ್ಲವೂ ಸೋಲುವುದು ಇಲ್ಲೇ, ಬಿಟ್ಟ ಜಾಗಕ್ಕೆ ಏನನ್ನೂ ಇಡದಿದ್ದರೆ. ನೆಟ್‌ವರ್ಕ್ ಚೆನ್ನಾಗಿರುವಲ್ಲಿ ಹಗಲೇ ಒಂದು ಸಂಗೀತ ಕಛೇರಿಯನ್ನೋ ತಾಳಮದ್ದಲೆಯನ್ನೋ ಡೌನ್‌ಲೋಡ್ ಮಾಡಿಟ್ಟುಕೊಂಡು, ರಾತ್ರಿ ಡೇಟಾ ಆಫ್ ಮಾಡಿ ಕೇಳಿ. ಚಾರ್ಜರ್ ಹಾಸಿಗೆಯ ಹತ್ತಿರ ಬೇಡ, ಜಗಲಿಯಲ್ಲಿರಲಿ. ಏಳಲು ಅಲಾರಂ ಗಡಿಯಾರ ತಂದುಕೊಳ್ಳಿ. ಅಲಾರಂ ನೆಪದಲ್ಲೇ ಫೋನು ದಿಂಬಿನ ಪಕ್ಕ ಬರುವುದು.

ಪ್ರಶ್ನೆ: ಪಿಯುಸಿ ಓದುವ ಮಗ ರಾತ್ರಿ ಎರಡರವರೆಗೂ ಫೋನಿನಲ್ಲಿರುತ್ತಾನೆ. ಕಿತ್ತುಕೊಂಡರೆ ರಂಪ. ಯಾರನ್ನು ಕೇಳಬೇಕು?
– ಪೋಷಕರು, ಶಿವಮೊಗ್ಗ

ಉತ್ತರ: ಕಿತ್ತುಕೊಳ್ಳಬೇಡಿ, ಕದ್ದು ನೋಡುವುದು ಶುರುವಾಗುತ್ತದೆ. ಮೊದಲು ನಿದ್ದೆಯೊಂದನ್ನೇ ಸರಿಪಡಿಸಿ. ಹತ್ತೂವರೆಗೆ ಅಪ್ಪ ಅಮ್ಮನ ಫೋನೂ ಸೇರಿ ಎಲ್ಲವೂ ಒಂದೇ ಕಡೆ ಚಾರ್ಜಿಗೆ ಹೋಗಲಿ. ನಿಮ್ಮದನ್ನು ಕೈಯಲ್ಲಿಟ್ಟುಕೊಂಡು ಅವನಿಗೆ ಹೇಳಿದರೆ ಅವನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ವಾರಗಟ್ಟಲೆ ಊಟ, ನಿದ್ದೆ, ಓದು ಕೆಟ್ಟಿದ್ದರೆ ಅಥವಾ ಅವನು ಯಾರ ಜೊತೆಗೂ ಬೆರೆಯದಂತಾಗಿದ್ದರೆ ತಡಮಾಡದೆ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್ ಅತಿಬಳಕೆಯ ಸಮಸ್ಯೆಗೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಇದೆ.