ನಿದ್ದೆಯಲ್ಲಿ ಶುಗರ್ ಇಳಿದು ಫಿಟ್ಸ್ ಬಂದಾಗ

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 7 ವರ್ಷ, ತೂಕ 20 ಕೆಜಿ. ಟೈಪ್ 1 ಡಯಾಬಿಟಿಸ್ ಇದೆ. ಹೋದ ವಾರ ಸಂಜೆಯಿಡೀ ಓಡಾಡಿ ಆಡಿದಳು, ಊಟ ಮಾಡಿ ಮಲಗಿದಳು. ಬೆಳಗಿನ ಜಾವ ಫಿಟ್ಸ್ ಬಂತು. ಶುಗರ್ 38. ಅತ್ತೆ ಬಾಯಿಗೆ ಸಕ್ಕರೆ ನೀರು ಹಾಕಲು ಬಂದರು, ನಾನು ತಡೆದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಎದ್ದಳು. ಅತ್ತೆಗೆ ಇನ್ನೂ ಕೋಪ. ನನಗೋ ಭಯ, ಅದಕ್ಕೇ ಈಗ ರಾತ್ರಿ ಶುಗರ್ 250ಕ್ಕಿಂತ ಮೇಲೇ ಇರಲಿ ಅಂತ ಬಿಡ್ತಿದ್ದೇನೆ. ತಪ್ಪಾ?

ಉತ್ತರ: ನೀವು ತಡೆದದ್ದು ಸರಿ ಅಂತ ನನ್ನ ಹೆಸರು ಹೇಳಿ ಅತ್ತೆಯವರಿಗೆ ತಿಳಿಸಿ. ಪ್ರಜ್ಞೆ ಇಲ್ಲದ ಮಗು ನುಂಗಲಾರದು. ಬಾಯಿಗೆ ಹಾಕಿದ್ದು ಶ್ವಾಸನಾಳಕ್ಕೆ ಇಳಿಯಬಹುದು. ಮಗುವನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಗ್ಲುಕಗಾನ್ ಕೊಡಬೇಕು, ಆಂಬುಲೆನ್ಸ್ ಕರೆಯಬೇಕು.

ನಿಮ್ಮ ಪತ್ರದಲ್ಲಿ ಗ್ಲುಕಗಾನ್ ಮಾತೇ ಇಲ್ಲ. ನನಗೆ ಚಿಂತೆಯಾಗಿದ್ದು ಅದಕ್ಕೇ. ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವ ಹಾರ್ಮೋನ್ ಅದು. 25 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ 0.5 ಮಿಲಿಗ್ರಾಂ, ಅಂದರೆ ಸಾಮಾನ್ಯ ಕಿಟ್‌ನ ಅರ್ಧ. ಸಿರಿಂಜಿನ ನೀರನ್ನು ಪುಡಿ ಇರುವ ಪುಟ್ಟ ಬಾಟಲಿಗೆ ತಳ್ಳಿ, ಮೆಲ್ಲಗೆ ಅಲುಗಿಸಿ, ತಿಳಿಯಾದ ಮೇಲೆ ಎಳೆದುಕೊಂಡು ತೊಡೆಗೆ ಚುಚ್ಚುವುದು. ನಡುಗುವ ಕೈಯಲ್ಲಿ ಮೊದಲ ಸಲಕ್ಕೆ ಇದು ಆಗುವ ಕೆಲಸ ಅಲ್ಲ. ಅವಧಿ ಮುಗಿದ ಕಿಟ್ ಸಿಕ್ಕರೆ ಎಸೆಯಬೇಡಿ, ಅದರಲ್ಲಿ ಅತ್ತೆಯವರೂ ಕಲಿಯಲಿ. ಮೂಗಿಗೆ ಹಾಕುವ ಪುಡಿಯೂ ಬಂದಿದೆ, ಸುಲಭ. ಸಾಮಾನ್ಯವಾಗಿ ಕಾಲು ಗಂಟೆಯೊಳಗೆ ಮಗು ಎಚ್ಚರಗೊಳ್ಳುತ್ತದೆ. ಆಮೇಲೆ ವಾಂತಿ ಆಗೋದು ಮಾಮೂಲು.

ಇನ್ನು ಆ ಸಂಜೆಯ ಆಟ. ದಣಿದ ಸ್ನಾಯುಗಳು ಖಾಲಿಯಾದ ಸಕ್ಕರೆಯನ್ನು ಗಂಟೆಗಟ್ಟಲೆ ಮತ್ತೆ ತುಂಬಿಕೊಳ್ಳುತ್ತಲೇ ಇರುತ್ತವೆ. ಆಟ ಮುಗಿದು 7ರಿಂದ 11 ಗಂಟೆ ಕಳೆದ ಮೇಲೂ ಶುಗರ್ ಕುಸಿಯುವುದು ಹೀಗೆ. ಆಟ ನಿಲ್ಲಿಸಬೇಡಿ. ಹಾಗೆ ಆಡಿದ ದಿನ ರಾತ್ರಿಯ ಇನ್ಸುಲಿನ್ ಎಷ್ಟು ಇಳಿಸಬೇಕು ಅಂತ ನಿಮ್ಮ ಡಾಕ್ಟರ ಹತ್ತಿರ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಮಲಗುವಾಗ ಒಮ್ಮೆ, ನಡುರಾತ್ರಿ ಒಮ್ಮೆ ಶುಗರ್ ನೋಡಿ. ಮೈಗೆ ಅಂಟಿಸುವ, ಶುಗರ್ ಇಳಿದರೆ ಅಲಾರಂ ಹೊಡೆಯುವ ಸೆನ್ಸರ್ ಇದ್ದರೆ ನಿಮಗೂ ನಿದ್ದೆ.

250 ಮಾತ್ರ ಜಾಸ್ತಿಯೇ ಆಯ್ತು. ನಿಮ್ಮ ಭಯ ಅರ್ಥವಾಗುತ್ತದೆ, ಆದರೆ ದಿನವೂ ಹಾಗೇ ಬಿಟ್ಟರೆ ಕಣ್ಣು, ಕಿಡ್ನಿಗೆ ಏಟು. ನಿಮ್ಮ ಯೋಚನೆ ಅರ್ಧ ಸರಿ ಅಂತಲೂ ಹೇಳ್ತೇನೆ: ಶುಗರ್ ಪದೇಪದೇ ಇಳಿದರೆ ನಡುಕ, ಬೆವರಿನಂಥ ಮುನ್ಸೂಚನೆಗಳೇ ಮಂಕಾಗುತ್ತವೆ. ಎರಡು ಮೂರು ವಾರ ಇಳಿಯದಂತೆ ಕಾದರೆ ಅವು ಮರಳುತ್ತವೆ. ಅದಕ್ಕೇ ಇಂಥ ಘಟನೆ ಆದ ಮೇಲೆ ನಾವೂ ಸ್ವಲ್ಪ ದಿನ ಗುರಿಯನ್ನು ತುಸು ಮೇಲಿಡುತ್ತೇವೆ. ಎಷ್ಟು ಅನ್ನೋದನ್ನು ಅವಳ ಡಾಕ್ಟರೇ ಹೇಳಲಿ.

ಎಚ್ಚರವಾಗಿರುವಾಗ 70ಕ್ಕಿಂತ ಕೆಳಗೆ ಬಂದರೆ ಅವಳ ತೂಕಕ್ಕೆ ಸುಮಾರು 6 ಗ್ರಾಂ ಗ್ಲೂಕೋಸ್ ಸಾಕು. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರೋದು ತಡ.