ಹೆಸರು ಅಳಿಸಿಹೋದ ಪ್ಯಾಕೇಜ್ ಫೈಲುಗಳನ್ನು ಹ್ಯಾಶ್‌ನಿಂದ ಗುರುತಿಸುವುದು ಹೇಗೆ?

ಶಿವಮೊಗ್ಗದ ಕಾಲೇಜೊಂದರ ಲ್ಯಾಬಿನ ಹಳೆಯ ಹಾರ್ಡ್ ಡಿಸ್ಕಿನಿಂದ ಮರಳಿ ಪಡೆದ ಡೆಬಿಯನ್ (ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆ) ತಂತ್ರಾಂಶ ಪ್ಯಾಕೇಜುಗಳಿಗೆ ಮೂಲ ಹೆಸರೇ ಉಳಿದಿಲ್ಲ, ಅವು ಯಾವುವೆಂದು ಹ್ಯಾಶ್‌ನಿಂದ, ಅಂದರೆ ಫೈಲಿನಿಂದ ಲೆಕ್ಕಹಾಕಿ ತೆಗೆಯುವ ಬೆರಳಚ್ಚಿನಂಥ ಸಂಕೇತದಿಂದ, ತಿಳಿಯಬಹುದೇ ಎಂದು ಕೇಳಿದ್ದೀರಿ. ಬಹುಪಾಲನ್ನು ತಿಳಿಯಬಹುದು. ಹ್ಯಾಶ್ ಲೆಕ್ಕಕ್ಕೆ ಬರುವುದು ಫೈಲಿನೊಳಗಿನ ಬೈಟುಗಳು ಮಾತ್ರ. ಹೆಸರೂ ದಿನಾಂಕವೂ ಅದರಲ್ಲಿ ಸೇರುವುದಿಲ್ಲ.

ಡೆಬಿಯನ್ ತನ್ನ ಪ್ರತಿ ಬಿಡುಗಡೆಗೂ ಪ್ರಕಟಿಸುವ ‘ಪ್ಯಾಕೇಜಸ್’ ಎಂಬ ಸೂಚಿಯಲ್ಲಿ ಒಂದೊಂದು ಪ್ಯಾಕೇಜಿನ ಹೆಸರು, ಆವೃತ್ತಿ, ಗಾತ್ರಗಳ ಜೊತೆಗೆ ಹ್ಯಾಶ್ ಕೂಡ ಇರುತ್ತದೆ. ಮಳೆಗಾಲದಲ್ಲಿ ಸಾಗರದ ಕಡೆ ಕರೆಂಟನ್ನೂ ನೆಟ್ಟನ್ನೂ ನಂಬುವಂತಿಲ್ಲವಾದ್ದರಿಂದ, ನಾನು ಇಂಥ ಸೂಚಿಗಳನ್ನು ಮೊದಲೇ ಇಳಿಸಿಟ್ಟುಕೊಂಡು, ಫೈಲುಗಳ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್ ತೆಗೆದು ತಾಳೆ ನೋಡುತ್ತೇನೆ. ಸೂಚಿಯಿಂದ ಕೈಬಿಟ್ಟ ಹಳೆಯ ಆವೃತ್ತಿಗಳನ್ನು ಡೆಬಿಯನ್ನಿನ ಸ್ನ್ಯಾಪ್‌ಶಾಟ್ ಸಂಗ್ರಹದಲ್ಲಿ ಎಸ್‌ಎಚ್‌ಎ-1 ಎಂಬ ಹಳೆಯ ಬಗೆಯ ಹ್ಯಾಶ್ ಕೊಟ್ಟು ಹುಡುಕಬಹುದು. ವಿಂಡೋಸ್ ಫೈಲುಗಳಿದ್ದರೆ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಎನ್‌ಎಸ್‌ಆರ್‌ಎಲ್ ದತ್ತಾಂಶ (ಪರಿಚಿತ ತಂತ್ರಾಂಶಗಳ ಫೈಲುಗಳ ಹ್ಯಾಶ್ ಪಟ್ಟಿ) ಉಪಯುಕ್ತ.

ತಾಳೆಯಾಗದ ಫೈಲುಗಳನ್ನು ಕೂಡಲೇ ಅನುಮಾನಿಸಬೇಡಿ. ಅಳಿಸಿದ ಫೈಲನ್ನು ಮರಳಿ ಪಡೆಯುವ ತಂತ್ರಾಂಶಕ್ಕೆ ಫೈಲು ಎಲ್ಲಿ ಮುಗಿಯುತ್ತದೆಂದು ಕೆಲವೊಮ್ಮೆ ಸರಿಯಾಗಿ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಒಂದೇ ಒಂದು ಬೈಟು ಹೆಚ್ಚಾಗಿ ಸೇರಿಕೊಂಡರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಅಂಥದ್ದನ್ನು ಬಿಚ್ಚಲು ಸಾಧ್ಯವಾದರೆ ಒಳಗಿನ ‘ಕಂಟ್ರೋಲ್’ ಫೈಲಿನಲ್ಲಿ ಹೆಸರು, ಆವೃತ್ತಿ ಸಿಗುತ್ತವೆ. ಅದು ಫೈಲು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತಷ್ಟೆ ಆದ್ದರಿಂದ, ಆ ಆವೃತ್ತಿಯ ಅಧಿಕೃತ ಪ್ರತಿಯನ್ನು ಇಳಿಸಿ, ಒಳಗಿನ ಫೈಲುಗಳ ಹ್ಯಾಶ್‌ಗಳನ್ನು ಒಂದೊಂದಾಗಿ ಹೋಲಿಸುವುದು ಒಳ್ಳೆಯದು.

ಎಂಡಿ5 ಎಂಬ ಇನ್ನೊಂದು ಹಳೆಯ ಬಗೆಯ ಹ್ಯಾಶ್‌ನಲ್ಲಿ 2004ರಲ್ಲಿಯೂ ಎಸ್‌ಎಚ್‌ಎ-1ರಲ್ಲಿ 2017ರಲ್ಲಿಯೂ ಒಂದೇ ಹ್ಯಾಶ್ ಬರುವ ಎರಡು ಬೇರೆ ಬೇರೆ ದತ್ತಾಂಶಗಳನ್ನು ಸಂಶೋಧಕರು ತೋರಿಸಿದ್ದಾರೆ. ಆದರೆ ಅವು ಜೋಡಿಯಾಗಿಯೇ ರೂಪಿಸಿದವು. ಈಗಾಗಲೇ ಇರುವ ಪ್ಯಾಕೇಜಿನ ಹ್ಯಾಶ್‌ಗೆ ಸರಿಹೊಂದುವ ಮತ್ತೊಂದನ್ನು ಸೃಷ್ಟಿಸುವುದು ಇದಕ್ಕಿಂತ ಬಹಳ ಕಠಿಣ. ಹಳೆಯ ಫೈಲಿನ ಗುರುತು ಹಿಡಿಯಲು ಎಂಡಿ5, ಎಸ್‌ಎಚ್‌ಎ-1 ಇಂದಿಗೂ ಸಾಕು, ಆದರೆ ಅವುಗಳನ್ನಷ್ಟೇ ನಂಬಿ ಯಾವುದನ್ನೂ ಇನ್‌ಸ್ಟಾಲ್ ಮಾಡಬಾರದೆಂಬುದು ನನ್ನ ಅಭಿಪ್ರಾಯ. ಎಸ್‌ಎಚ್‌ಎ-256 ತಾಳೆಯಾದ ಹಳೆಯ ಪ್ಯಾಕೇಜಿನಲ್ಲೂ ಆಮೇಲೆ ಪತ್ತೆಯಾದ ಭದ್ರತಾ ದೋಷಗಳು ಹಾಗೆಯೇ ಇರುತ್ತವೆ.

ನುಡಿ, ಬರಹದಂಥ ಕನ್ನಡ ತಂತ್ರಾಂಶಗಳ ಇನ್‌ಸ್ಟಾಲರುಗಳು ಆ ಡಿಸ್ಕಿನಲ್ಲಿದ್ದರೆ ಡೆಬಿಯನ್ ಸೂಚಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಅವುಗಳಿಗೆ ನಾನು ಮೂಲ ಸಿಡಿಗಳಿಂದ ಹ್ಯಾಶ್ ತೆಗೆದು, ಆವೃತ್ತಿಯ ಸಮೇತ ನನ್ನದೇ ಪಟ್ಟಿ ಇಟ್ಟುಕೊಂಡಿದ್ದೇನೆ. ನಿಮ್ಮ ಲ್ಯಾಬಿನ ಬೀರುವಿನಲ್ಲಿ ಅಂಥ ಸಿಡಿಗಳಿದ್ದರೆ ನೀವೂ ಹಾಗೆಯೇ ಮಾಡಿಕೊಳ್ಳಬಹುದು.